ಓದು ನೋಡಬೇಕೇ, ಊರು ನೋಡಬೇಕೇ? ಅಮೆರಿಕದ ಕಾಲೇಜು ಫುಟ್‌ಬಾಲ್ ಹುಡುಗರ ಆಯ್ಕೆಯ ಲೆಕ್ಕಾಚಾರ

2025ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ವೈಯಕ್ತಿಕ ಪ್ರಶಸ್ತಿಯಾದ ಹೈಸ್‌ಮನ್ ಟ್ರೋಫಿ ಇಂಡಿಯಾನಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಸಾ ಅವರ ಪಾಲಾಯಿತು. ಮರು ತಿಂಗಳೇ ಅವರ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಆದರೆ ಇದೇ ಮೆಂಡೋಸಾ ಹೈಸ್ಕೂಲ್‌ನಲ್ಲಿದ್ದಾಗ ದೊಡ್ಡ ತಂಡಗಳೇನೂ ಅವರ ಹಿಂದೆ ಬಿದ್ದಿರಲಿಲ್ಲ.

ಮಿಯಾಮಿಯಲ್ಲಿ ಬೆಳೆದ ಅವರು ಮೊದಲು ಮಾತು ಕೊಟ್ಟಿದ್ದು ಯೇಲ್ ವಿಶ್ವವಿದ್ಯಾಲಯಕ್ಕೆ. ಬಳಿಕ ಮನಸ್ಸು ಬದಲಿಸಿ ದೇಶದ ಇನ್ನೊಂದು ಅಂಚಿನಲ್ಲಿರುವ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಸೇರಿದರು. ಅಲ್ಲಿನ ಹಾಸ್ ಬಿಸಿನೆಸ್ ಸ್ಕೂಲ್‌ನಲ್ಲಿ ಮೂರೇ ವರ್ಷಕ್ಕೆ ಪದವಿ ಮುಗಿಸಿದರು. ಆಮೇಲೆ ತಮ್ಮ ಆಲ್ಬರ್ಟೊ ಆಡುತ್ತಿದ್ದ ಇಂಡಿಯಾನಾಗೆ ಬಂದರು. ಓದು, ಆಟದ ಅವಕಾಶ, ಕುಟುಂಬ ಈ ಮೂರೂ ಒಂದೊಂದು ಹಂತದಲ್ಲಿ ಅವರ ದಾರಿಯಲ್ಲಿ ಕಾಣುತ್ತವೆ.

ಅಮೆರಿಕದಲ್ಲಿ ಪ್ರತಿ ವರ್ಷ ಸಾವಿರಾರು ಹುಡುಗರು ಹದಿನೇಳು, ಹದಿನೆಂಟರ ವಯಸ್ಸಿನಲ್ಲಿ ಇಂಥದ್ದೇ ನಿರ್ಧಾರ ಮಾಡುತ್ತಾರೆ. ಯಾವ ಕಾಲೇಜು ಎಂದು ಕೇಳಿದರೆ ಹುಡುಗರೂ ಪೋಷಕರೂ ಮೊದಲು ಹೇಳುವ ಎರಡು ಕಾರಣ: 'ಓದು ಚೆನ್ನಾಗಿದೆ', 'ಮನೆಗೆ ಹತ್ತಿರ'. ಈ ಎರಡು ಕಾರಣಗಳು ನಿಜಕ್ಕೂ ಎಷ್ಟು ಕೆಲಸ ಮಾಡುತ್ತವೆ? ಹಣ ಮತ್ತು ಹೊಸ ವರ್ಗಾವಣೆ ನಿಯಮಗಳು ಬಂದ ಮೇಲೆ ಅವುಗಳ ಬೆಲೆ ಉಳಿದಿದೆಯೇ?

ಎಂಎಸ್‌ಗೆ ಹೋಗುವ ಕ್ಯಾಂಪಸ್, ಲಕ್ಷ ಜನರ ಮೈದಾನ

ಇಲ್ಲಿ ಹೇಳುತ್ತಿರುವುದು ಮೆಸ್ಸಿ, ರೊನಾಲ್ಡೊ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್, ಭುಜಕ್ಕೆ ಪ್ಯಾಡ್ ಇರುವ ಅಮೆರಿಕನ್ ಫುಟ್‌ಬಾಲ್. ಮಿಷಿಗನ್, ಪೆನ್ ಸ್ಟೇಟ್, ಓಹಿಯೊ ಸ್ಟೇಟ್, ಟೆಕ್ಸಾಸ್ ಮುಂತಾದ ಹೆಸರುಗಳು ಎಂಎಸ್ ಕನಸು ಕಾಣುವ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಚೆನ್ನಾಗಿಯೇ ಗೊತ್ತು. ಅದೇ ಕ್ಯಾಂಪಸ್‌ಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಕೂರುವ ಫುಟ್‌ಬಾಲ್ ಮೈದಾನಗಳಿವೆ. ಮಿಷಿಗನ್ ಕ್ರೀಡಾಂಗಣದ ಸಾಮರ್ಥ್ಯ 1,07,601. ಅಂದರೆ ಮುಂಬೈನ ವಾಂಖೆಡೆಯ ಮೂರು ಪಟ್ಟಿಗೂ ಹೆಚ್ಚು.

ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೈಸ್ಕೂಲ್‌ನಿಂದ ನೇರ ದಾರಿ ಇಲ್ಲ, ಕಾಲೇಜು ದಾಟಿಯೇ ಹೋಗಬೇಕು. ಹಾಗಾಗಿ ಕಾಲೇಜುಗಳ ಕೋಚ್‌ಗಳು ಹೈಸ್ಕೂಲ್ ಹುಡುಗರ ಮನೆ ಬಾಗಿಲಿಗೇ ಬರುತ್ತಾರೆ. ಒಳ್ಳೆಯ ಆಟಗಾರನಿಗೆ ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕ ಎಲ್ಲ ಸೇರಿದ ಸ್ಕಾಲರ್‌ಶಿಪ್ ಸಿಗುತ್ತದೆ. ಡಿಸೆಂಬರ್ ಮತ್ತು ಫೆಬ್ರವರಿಯಲ್ಲಿ ಸಹಿ ಹಾಕುವ ದಿನಗಳಿರುತ್ತವೆ. ಹೈಸ್ಕೂಲ್ ಜಿಮ್‌ನಲ್ಲಿ ಮೇಜಿನ ಮೇಲೆ ನಾಲ್ಕೈದು ಕಾಲೇಜುಗಳ ಟೋಪಿ ಇಟ್ಟು, ಅವುಗಳಲ್ಲಿ ಒಂದನ್ನು ತಲೆಗೆ ಹಾಕಿಕೊಂಡು ತನ್ನ ಆಯ್ಕೆ ಘೋಷಿಸುವುದು ಅಲ್ಲಿ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ.

'ನಾಲ್ಕು ವರ್ಷದ್ದಲ್ಲ, ನಲವತ್ತು ವರ್ಷದ ನಿರ್ಧಾರ'

ಓದಿನಲ್ಲಿ ಹೆಸರು ಮಾಡಿದ ಸ್ಟ್ಯಾನ್‌ಫರ್ಡ್, ನೋಟರ್ ಡೇಮ್, ನಾರ್ತ್‌ವೆಸ್ಟರ್ನ್‌ನಂಥ ವಿಶ್ವವಿದ್ಯಾಲಯಗಳು ಹುಡುಗರ ಮನೆಗೆ ಹೋದಾಗ ಹೇಳುವ ಮಾತೊಂದಿದೆ. ಇದು ನಾಲ್ಕು ವರ್ಷದ ನಿರ್ಧಾರವಲ್ಲ, ನಲವತ್ತು ವರ್ಷದ ನಿರ್ಧಾರ ಎಂಬುದು ಅದು. ಆಟ ಮುಗಿದ ಮೇಲೆ ಕೈ ಹಿಡಿಯುವುದು ಪದವಿ ಮತ್ತು ಹಳೆ ವಿದ್ಯಾರ್ಥಿಗಳ ಜಾಲ ಎಂಬುದು ಅವರ ವಾದ.

ಅಂಕಿಅಂಶ ನೋಡಿದರೆ ಈ ವಾದದಲ್ಲಿ ಹುರುಳಿದೆ. ಅಮೆರಿಕದಲ್ಲಿ ಹೈಸ್ಕೂಲ್ ಮಟ್ಟದಲ್ಲಿ ಫುಟ್‌ಬಾಲ್ ಆಡುವವರು ಸುಮಾರು 10 ಲಕ್ಷ. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಅಂದಾಜಿನ ಪ್ರಕಾರ, ಎಲ್ಲ ವಿಭಾಗಗಳ ಕಾಲೇಜು ಆಟಗಾರರಲ್ಲಿ ಎನ್‌ಎಫ್‌ಎಲ್ ತಲುಪುವವರು ಶೇ 1.6ರಷ್ಟು ಮಾತ್ರ. ಉಳಿದವರಿಗೆ ಕಾಲೇಜಿನ ಕೊನೆಯ ಪಂದ್ಯವೇ ಬದುಕಿನ ಕೊನೆಯ ಪಂದ್ಯ. ಆ ನಂತರ ಅವರು ಬೇರೆ ಉದ್ಯೋಗ ಹುಡುಕಲೇಬೇಕು.

ಓದನ್ನು ಗಂಭೀರವಾಗಿ ತೆಗೆದುಕೊಂಡವರ ಉದಾಹರಣೆಗಳೂ ಇವೆ. ಹ್ಯೂಸ್ಟನ್‌ನ ಆ್ಯಂಡ್ರೂ ಲಕ್ ಸ್ಟ್ಯಾನ್‌ಫರ್ಡ್ ಸೇರಿ ವಾಸ್ತು ವಿನ್ಯಾಸ ಓದಿದರು. 2011ರಲ್ಲೇ ಎನ್‌ಎಫ್‌ಎಲ್‌ಗೆ ಹೋಗಿದ್ದರೆ ಮೊದಲ ಸ್ಥಾನದಲ್ಲೇ ಆಯ್ಕೆಯಾಗುತ್ತಾರೆಂಬ ಮಾತಿತ್ತು. ಆದರೂ ಇನ್ನೊಂದು ವರ್ಷ ಕಾಲೇಜಿನಲ್ಲೇ ಉಳಿದು ಪದವಿ ಮುಗಿಸಿದರು. 2012ರಲ್ಲಿ ಮೊದಲ ಸ್ಥಾನದಲ್ಲೇ ಆಯ್ಕೆಯಾದರು. ಗಾಯಗಳ ಕಾರಣ 2019ರಲ್ಲಿ ಆಟ ಬಿಟ್ಟ ಅವರು 2024ರ ಕೊನೆಯಲ್ಲಿ ಅದೇ ಸ್ಟ್ಯಾನ್‌ಫರ್ಡ್ ಫುಟ್‌ಬಾಲ್‌ನ ಜನರಲ್ ಮ್ಯಾನೇಜರ್ ಆಗಿ ಮರಳಿದರು.

ಫ್ಲಾರಿಡಾ ಸ್ಟೇಟ್‌ನ ಮೈರನ್ ರೋಲ್ ಅವರದು ಇನ್ನೂ ಅಪರೂಪದ ದಾರಿ. 2008ರಲ್ಲಿ ರೋಡ್ಸ್ ಸ್ಕಾಲರ್ ಆಗಿ ಆಯ್ಕೆಯಾದ ಅವರು ಒಂದು ಋತುವಿನ ಆಟ ಬಿಟ್ಟು ಆಕ್ಸ್‌ಫರ್ಡ್‌ಗೆ ಹೋದರು. 2010ರಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ ಆಯ್ಕೆಯಾದರು. ಕೊನೆಗೆ ಅವರು ಆದದ್ದು ನರಶಸ್ತ್ರಚಿಕಿತ್ಸಕ.

ಐವಿ ಲೀಗ್‌ನದು ಬೇರೆಯೇ ಲೆಕ್ಕ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದ ಎಂಟು ವಿಶ್ವವಿದ್ಯಾಲಯಗಳ ಈ ಕೂಟದಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಎಂಬುದೇ ಇಲ್ಲ. ಕುಟುಂಬದ ಆದಾಯ ನೋಡಿ ನೆರವು ಕೊಡುತ್ತಾರೆ, ಅಷ್ಟೇ. ಅಲ್ಲಿಗೆ ಸೇರುವ ಆಟಗಾರ ಬೇರೆಡೆ ಸಿಗಬಹುದಾಗಿದ್ದ ಪೂರ್ಣ ಸ್ಕಾಲರ್‌ಶಿಪ್ ಬಿಟ್ಟು ಬಂದಿರಬಹುದು. ಓದಿಗೆ ನಿಜವಾಗಿ ಬೆಲೆ ಕಟ್ಟಿದವರು ಯಾರೆಂದು ತಿಳಿಯುವುದು ಇಂಥ ಕಡೆ.

ಸೀಟು ಸಿಕ್ಕಿತು, ಓದು ಸಿಕ್ಕಿತೇ?

ಡಿವಿಷನ್ 1 ಮಟ್ಟದಲ್ಲಿ ಆಡಬೇಕಾದರೆ ಹೈಸ್ಕೂಲ್‌ನಲ್ಲಿ 16 ಮುಖ್ಯ ವಿಷಯಗಳನ್ನು ಮುಗಿಸಿ, ಅವುಗಳಲ್ಲಿ 4ಕ್ಕೆ ಕನಿಷ್ಠ 2.3 ಗ್ರೇಡ್ ಸರಾಸರಿ ಪಡೆದಿರಬೇಕು. ಇದು ಕನಿಷ್ಠ ಅರ್ಹತೆ. ಸ್ಟ್ಯಾನ್‌ಫರ್ಡ್‌ನಂಥ ಕಡೆ ಇದಕ್ಕಿಂತ ಬಹಳ ಹೆಚ್ಚು ಬೇಕು. ಆದರೆ ದೊಡ್ಡ ಹೆಸರಿನ ವಿಶ್ವವಿದ್ಯಾಲಯಕ್ಕೆ ಸೇರಿದ ಮಾತ್ರಕ್ಕೆ ಬಯಸಿದ್ದನ್ನು ಓದಲು ಆಗುತ್ತದೆ ಎಂದೇನಿಲ್ಲ.

ನಾರ್ತ್‌ವೆಸ್ಟರ್ನ್‌ನ ಕ್ವಾರ್ಟರ್‌ಬ್ಯಾಕ್ ಆಗಿದ್ದ ಕೇನ್ ಕೋಲ್ಟರ್ ಈ ಮಾತನ್ನು 2014ರಲ್ಲಿ ಅಮೆರಿಕದ ಕಾರ್ಮಿಕ ಸಂಬಂಧ ಮಂಡಳಿಯ ಅಧಿಕಾರಿಯ ಮುಂದೆಯೇ ಹೇಳಿದರು. ವೈದ್ಯನಾಗುವ ಆಸೆ ಇತ್ತು, ಆದರೆ ಬೇಕಾದ ರಸಾಯನಶಾಸ್ತ್ರದ ತರಗತಿ ಅಭ್ಯಾಸದ ಸಮಯಕ್ಕೇ ಬೀಳುತ್ತಿತ್ತು ಎಂಬುದು ಅವರ ಸಾಕ್ಷ್ಯದ ತಿರುಳು. ಕೊನೆಗೆ ಅವರು ಮನಃಶಾಸ್ತ್ರ ಓದಿದರು. ಆಟಗಾರರ ಒಕ್ಕೂಟ ಕಟ್ಟುವ ಅವರ ಪ್ರಯತ್ನಕ್ಕೆ ಮೊದಲ ಹಂತದಲ್ಲಿ ಜಯ ಸಿಕ್ಕಿತಾದರೂ, 2015ರಲ್ಲಿ ಮಂಡಳಿ ಪ್ರಕರಣವನ್ನು ಕೈಬಿಟ್ಟಿತು.

ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಪ್ರಕರಣ ಇದಕ್ಕಿಂತ ಗಂಭೀರ. 1993ರಿಂದ 2011ರವರೆಗೆ ಅಲ್ಲಿ ಪಾಠವೇ ನಡೆಯದ, ಒಂದು ಪ್ರಬಂಧ ಬರೆದುಕೊಟ್ಟರೆ ಅಂಕ ಸಿಗುತ್ತಿದ್ದ ಕಾಗದದ ತರಗತಿಗಳು ನಡೆದವು. 2014ರ ತನಿಖಾ ವರದಿಯ ಪ್ರಕಾರ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಇಂಥ ತರಗತಿಗಳಿಗೆ ಸೇರಿದ್ದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಕ್ರೀಡಾಪಟುಗಳು. ಓದಿಗೆ ಹೆಸರಾದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಮುಂದೆ ನಿಲ್ಲುವ ಕಡೆಯೇ ಇದು ನಡೆದಿತ್ತು.

ಪೋಷಕರು ನಂಬುವ ಪದವಿ ಪಡೆದವರ ಪ್ರಮಾಣ ಎಂಬ ಅಂಕಿಯನ್ನೂ ಎಚ್ಚರಿಕೆಯಿಂದ ಓದಬೇಕು. ಎನ್‌ಸಿಎಎ ಲೆಕ್ಕದಲ್ಲಿ, ಪಾಸಾಗುವಷ್ಟು ಅಂಕ ಇಟ್ಟುಕೊಂಡು ಕಾಲೇಜು ಬಿಟ್ಟು ಹೋದವರನ್ನು ಆ ಕಾಲೇಜಿನ ವೈಫಲ್ಯ ಎಂದು ಎಣಿಸುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ ಎಣಿಸುತ್ತಾರೆ. ಒಂದೇ ಕಾಲೇಜಿಗೆ ಎರಡು ಬೇರೆ ಬೇರೆ ಅಂಕಿ ಕಾಣುವುದು ಈ ಕಾರಣಕ್ಕೆ.

ಕಾರಿನಲ್ಲಿ ಹೋಗಿ ಬರುವಷ್ಟು ದೂರ

ಓದು ಮಾತಿನಲ್ಲಿ ಮುಂದಿದ್ದರೂ, ನಡೆಯಲ್ಲಿ ಹೆಚ್ಚು ಕೆಲಸ ಮಾಡುವುದು ಊರು. ಹೈಸ್ಕೂಲ್ ಆಟಗಾರರು ಕಾಲೇಜು ಆರಿಸುವ ರೀತಿಯ ಬಗ್ಗೆ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲೂ ಮನೆಯಿಂದ ಇರುವ ದೂರ ಒಂದು ಮುಖ್ಯ ಅಂಶವಾಗಿ ಕಂಡಿತ್ತು.

ಇದಕ್ಕೆ ಕಾರಣ ಭಾವನೆ ಮಾತ್ರವಲ್ಲ. ಕಾಲೇಜಿನ ಖರ್ಚಿನಲ್ಲಿ ನಡೆಯುವ ಅಧಿಕೃತ ಭೇಟಿಗೆ ಮುಂಚೆ ಹುಡುಗರು ಸ್ವಂತ ಖರ್ಚಿನಲ್ಲಿ ಹಲವು ಕ್ಯಾಂಪಸ್ ನೋಡಿ ಬರುತ್ತಾರೆ, ಬೇಸಿಗೆ ಶಿಬಿರಗಳಿಗೆ ಹೋಗುತ್ತಾರೆ. ಕಾರಿನಲ್ಲಿ ಹೋಗಿ ಬರುವಷ್ಟು ದೂರದ ಕಾಲೇಜು ಹತ್ತಾರು ಬಾರಿ ಕಣ್ಣಿಗೆ ಬೀಳುತ್ತದೆ. ವಿಮಾನ ಟಿಕೆಟ್ ಬೇಕಾದ ಕಾಲೇಜು ಒಂದೆರಡು ಬಾರಿ ಮಾತ್ರ. ಕೋಚ್‌ಗಳಿಗೂ ಅಷ್ಟೇ, ಪಕ್ಕದ ಹೈಸ್ಕೂಲ್‌ನ ಹುಡುಗ ಎಂಟನೇ, ಒಂಬತ್ತನೇ ತರಗತಿಯಿಂದಲೇ ಪರಿಚಿತ.

ಇದರ ಲಾಭ ಎಲ್ಲರಿಗೂ ಒಂದೇ ರೀತಿ ಸಿಗುವುದಿಲ್ಲ. ಟೆಕ್ಸಾಸ್, ಫ್ಲಾರಿಡಾ, ಕ್ಯಾಲಿಫೋರ್ನಿಯಾ, ಜಾರ್ಜಿಯಾ ರಾಜ್ಯಗಳು ಫುಟ್‌ಬಾಲ್ ಪ್ರತಿಭೆಗಳ ಕಣಜ. ಅಟ್ಲಾಂಟಾ ಸುತ್ತಲಿನ ಹೈಸ್ಕೂಲ್‌ಗಳಲ್ಲಿ ಸಿಗುವಷ್ಟು ಆಟಗಾರರು ಹಲವು ರಾಜ್ಯಗಳಲ್ಲಿ ಒಟ್ಟಾಗಿಯೂ ಸಿಗಲಾರರು. ಜಾರ್ಜಿಯಾ ವಿಶ್ವವಿದ್ಯಾಲಯ ಅಟ್ಲಾಂಟಾದಿಂದ ಒಂದೂವರೆ ಗಂಟೆಯ ದಾರಿ. ಅದೇ ನೆಬ್ರಾಸ್ಕಾದ ಜನಸಂಖ್ಯೆ ಸುಮಾರು 20 ಲಕ್ಷ. ಎನ್‌ಎಫ್‌ಎಲ್ ತಂಡವಿಲ್ಲದ ಆ ರಾಜ್ಯದಲ್ಲಿ 1962ರಿಂದ ಕಾಲೇಜು ಪಂದ್ಯಗಳ ಟಿಕೆಟ್ ಉಳಿದದ್ದೇ ಇಲ್ಲ. ಆದರೂ ಪ್ರತಿಭೆಗಾಗಿ ಅವರು ಹೊರ ರಾಜ್ಯಗಳಿಗೆ ಅಲೆಯಬೇಕು.

ಊರಿಗೆ ಹಣದ ಮುಖವೂ ಇದೆ. ಸ್ಕಾಲರ್‌ಶಿಪ್ ಸಿಕ್ಕವನಿಗೆ ಯಾವ ರಾಜ್ಯವಾದರೂ ಒಂದೇ. ಸ್ವಂತ ಖರ್ಚಿನಲ್ಲಿ ಓದುತ್ತಾ ತಂಡದಲ್ಲಿ ಜಾಗ ಹುಡುಕುವ ವಾಕ್-ಆನ್ ಆಟಗಾರನಿಗೆ ಹಾಗಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸ್ವಂತ ರಾಜ್ಯದವರಿಗೆ ಶುಲ್ಕ ಬಹಳ ಕಡಿಮೆ, ಹೊರಗಿನವರಿಗೆ ದುಬಾರಿ. ಮಕ್ಕಳ ಸೀಟಿಗಾಗಿ ಡೊಮಿಸೈಲ್ ಪ್ರಮಾಣಪತ್ರ ಹಿಡಿದು ಓಡಾಡಿದ ಹೊರನಾಡ ಕನ್ನಡಿಗರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಊರಿನ ಹುಡುಗರನ್ನು ಹೀಗೆ ವಾಕ್-ಆನ್ ಆಗಿ ಸೇರಿಸಿಕೊಂಡು ಬೆಳೆಸಿದ್ದು ನೆಬ್ರಾಸ್ಕಾ ತಂಡದ ಹೆಮ್ಮೆಯ ಪರಂಪರೆ.

ಊರು ಬಿಟ್ಟು ಹೊರಟವರು

ಹಾಗೆಂದು ಊರಿನ ಸೆಳೆತ ಎಲ್ಲರನ್ನೂ ಹಿಡಿದಿಡುವುದಿಲ್ಲ. 2020ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಿಂದ ಮೂವರು ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳು ಹೈಸ್ಕೂಲ್ ಮುಗಿಸಿದರು. ಬ್ರೈಸ್ ಯಂಗ್ ಅಲಬಾಮಾಗೆ, ಸಿ.ಜೆ. ಸ್ಟ್ರೌಡ್ ಓಹಿಯೊ ಸ್ಟೇಟ್‌ಗೆ, ಡಿ.ಜೆ. ಉಯಾಗಲೇಲೆ ಕ್ಲೆಮ್‌ಸನ್‌ಗೆ ಹೋದರು. ಯುಎಸ್‌ಸಿ, ಯುಸಿಎಲ್‌ಎ ಎರಡೂ ಪಕ್ಕದಲ್ಲೇ ಇದ್ದವು. ಯಂಗ್ ಮತ್ತು ಸ್ಟ್ರೌಡ್ 2023ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಮೊದಲ ಎರಡು ಸ್ಥಾನ ಪಡೆದರು. ಗೆಲ್ಲುವ ತಂಡ ಮತ್ತು ಎನ್‌ಎಫ್‌ಎಲ್ ಬಾಗಿಲು ಹತ್ತಿರ ಕಂಡಾಗ ಊರು ಹಿಂದೆ ಸರಿಯುತ್ತದೆ.

ಹವಾಯಿಯ ತುವಾ ತಗೊವೈಲೋವಾ ಅಲಬಾಮಾ ಸೇರಿದಾಗ ಇನ್ನೂ ವಿಶೇಷ ಬೆಳವಣಿಗೆ ನಡೆಯಿತು. ಸುಮಾರು 7,000 ಕಿ.ಮೀ. ದೂರದ ಅಲಬಾಮಾಗೆ ಅಪ್ಪ, ಅಮ್ಮ, ತಮ್ಮ ಸೇರಿ ಮನೆಯೇ ಸ್ಥಳಾಂತರವಾಯಿತು. ಆದರೆ ಹಾಗೆ ಮನೆ ಕಿತ್ತುಕೊಂಡು ಹೋಗುವ ಅನುಕೂಲ ಎಷ್ಟು ಕುಟುಂಬಗಳಿಗೆ ಇರುತ್ತದೆ?

ನಕ್ಷೆಯೇ ಬದಲಾಯಿತು

ಕಳೆದ ಕೆಲ ವರ್ಷಗಳಲ್ಲಿ 'ಹತ್ತಿರದ ಕಾಲೇಜು' ಎಂಬ ಮಾತಿನ ಅರ್ಥವೇ ಬದಲಾಗಿದೆ. ಟಿವಿ ಹಕ್ಕುಗಳ ಹಣಕ್ಕಾಗಿ ವಿಶ್ವವಿದ್ಯಾಲಯಗಳು ತಮ್ಮ ಹಳೆಯ ಪ್ರಾದೇಶಿಕ ಕೂಟಗಳನ್ನು ಬಿಟ್ಟಿವೆ. ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ 2024ರಿಂದ ಬಿಗ್ ಟೆನ್ ಕೂಟದಲ್ಲಿವೆ. ಹೆಸರಿನಲ್ಲಿ ಹತ್ತು ಇದ್ದರೂ ಅದರಲ್ಲಿರುವ ತಂಡಗಳು 18. ಯುಸಿಎಲ್‌ಎ ತಂಡದ ಎದುರಾಳಿಗಳಲ್ಲಿ ಸುಮಾರು 4,000 ಕಿ.ಮೀ. ದೂರದ ನ್ಯೂಜೆರ್ಸಿಯ ರಟ್ಗರ್ಸ್ ಕೂಡ ಒಂದು. ಪೆಸಿಫಿಕ್ ದಡಕ್ಕೆ ಹತ್ತಿರದ ಸ್ಟ್ಯಾನ್‌ಫರ್ಡ್ ಈಗ ಅಟ್ಲಾಂಟಿಕ್ ಕರಾವಳಿಯ ಹೆಸರಿನ ಕೂಟದಲ್ಲಿ ಆಡುತ್ತದೆ!

ಫುಟ್‌ಬಾಲ್ ತಂಡ ನಿಯಮಿತ ಋತುವಿನಲ್ಲಿ ಆಡುವುದು 12 ಪಂದ್ಯ, ಅವುಗಳಲ್ಲಿ ಹೊರಗಿನವು ಐದಾರು. ಬಹುತೇಕ ಪಂದ್ಯಗಳು ಶನಿವಾರ. ಹಾಗಾಗಿ ವಾರದ ಮಧ್ಯೆ ಆಡುವ ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಾರರಷ್ಟು ತರಗತಿ ಇವರಿಗೆ ತಪ್ಪುವುದಿಲ್ಲ. ಪೆಟ್ಟು ಬಿದ್ದಿರುವುದು ಕುಟುಂಬಗಳಿಗೆ. ಮಗ ಮನೆ ಪಕ್ಕದ ಕಾಲೇಜಿಗೇ ಸೇರಿದರೂ ಅವನ ಹೊರಗಿನ ಪಂದ್ಯಗಳನ್ನು ನೋಡಲು ದೇಶವನ್ನೇ ದಾಟಬೇಕಾದೀತು.

ಹಣ ಬಂತು, ಪೋರ್ಟಲ್ ತೆರೆಯಿತು

2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರದ ಬಳಕೆಯಿಂದ ಹಣ ಗಳಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ 'ಹೌಸ್' ಪ್ರಕರಣದ ರಾಜಿಯಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ವಿಶ್ವವಿದ್ಯಾಲಯಕ್ಕೆ ಎಲ್ಲ ಕ್ರೀಡೆ ಸೇರಿ ಸುಮಾರು 2.05 ಕೋಟಿ ಡಾಲರ್. ಐವಿ ಲೀಗ್ ಇದರಿಂದ ದೂರ ಉಳಿಯಿತು.

ವರ್ಗಾವಣೆ ನಿಯಮವೂ ಸಡಿಲವಾಯಿತು. ಮೊದಲು ಕಾಲೇಜು ಬದಲಿಸಿದ ಫುಟ್‌ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಬೆಂಚಿನಲ್ಲಿ ಕೂರಬೇಕಿತ್ತು. 2021ರಲ್ಲಿ ಒಮ್ಮೆ ಬದಲಿಸಲು ವಿನಾಯಿತಿ ಸಿಕ್ಕಿತು. 2024ರಲ್ಲಿ, ಓದಿನ ಅರ್ಹತೆ ಇದ್ದರೆ ಎಷ್ಟು ಬಾರಿ ಬೇಕಾದರೂ ಬದಲಿಸಬಹುದು ಎಂದಾಯಿತು.

ಹಣ ಮತ್ತು ಊರು ಒಂದೇ ದಿಕ್ಕಿಗೆ ಎಳೆದ ಪ್ರಕರಣ ಬ್ರೈಸ್ ಅಂಡರ್‌ವುಡ್ ಅವರದು. 2025ರ ಸಾಲಿನ ನಂಬರ್ 1 ಆಟಗಾರ ಎನಿಸಿದ್ದ ಅವರು ಮಿಷಿಗನ್ ರಾಜ್ಯದ ಬೆಲ್‌ವಿಲ್‌ನವರು. ದಕ್ಷಿಣದ ಎಲ್‌ಎಸ್‌ಯುಗೆ ಮಾತು ಕೊಟ್ಟಿದ್ದ ಅವರು 2024ರ ನವೆಂಬರ್‌ನಲ್ಲಿ ಮನೆಗೆ ಹತ್ತಿರದ ಮಿಷಿಗನ್ ವಿಶ್ವವಿದ್ಯಾಲಯದತ್ತ ತಿರುಗಿದರು. ಒಂದು ಕೋಟಿ ಡಾಲರ್‌ಗೂ ಹೆಚ್ಚಿನ ಒಪ್ಪಂದದ ವರದಿಗಳು ಮಾಧ್ಯಮಗಳಲ್ಲಿ ಬಂದವು. ಇಲ್ಲಿ ಗೆದ್ದದ್ದು ಊರೋ, ಹಣವೋ? ಬಹುಶಃ ಎರಡೂ. ಆದರೆ ಇಂಥ ಹಣ ಸಿಗುವುದು ಬೆರಳೆಣಿಕೆಯಷ್ಟು ಮಂದಿಗೆ ಮಾತ್ರ.

ನಷ್ಟ ಯಾರಿಗೆ?

ಆಟಗಾರರ ಕೈಗೆ ಹಣ ಮತ್ತು ಸ್ವಾತಂತ್ರ್ಯ ಬಂದಿರುವುದು ನ್ಯಾಯವಾದದ್ದೇ. ಕೋಚ್‌ಗಳು ಕೋಟಿಗಟ್ಟಲೆ ಸಂಬಳಕ್ಕೆ ಕಾಲೇಜು ಬದಲಿಸುತ್ತಿದ್ದಾಗ ಹುಡುಗರನ್ನು ಮಾತ್ರ ಕಟ್ಟಿಹಾಕಿದ್ದು ಸರಿಯಿರಲಿಲ್ಲ. ಆದರೆ ಓದು ಮತ್ತು ಊರು ಇವೆರಡರ ಲಾಭ ಸಿಗುವುದು ಒಂದೇ ಕಡೆ ನಿಂತವರಿಗೆ. ಹೊಸ ವ್ಯವಸ್ಥೆ ಬಹುಮಾನ ಕೊಡುವುದು ಹೊರಟವರಿಗೆ. ತೊಡಕು ಇರುವುದೇ ಇಲ್ಲಿ.

ಎನ್‌ಸಿಎಎ ನಿಯಮದಂತೆ ಆಟಗಾರ ಎರಡನೇ ವರ್ಷದ ಕೊನೆಗೆ ಪದವಿಯ ಶೇ 40, ಮೂರನೇ ವರ್ಷಕ್ಕೆ ಶೇ 60, ನಾಲ್ಕನೇ ವರ್ಷಕ್ಕೆ ಶೇ 80ರಷ್ಟು ಭಾಗ ಮುಗಿಸಿರಬೇಕು. ಕಾಲೇಜು ಬದಲಿಸಿದಾಗ ಹಳೆಯ ಕ್ರೆಡಿಟ್‌ಗಳೆಲ್ಲ ಹೊಸ ಕಡೆ ಲೆಕ್ಕಕ್ಕೆ ಬರುವುದಿಲ್ಲ. ಎಂಜಿನಿಯರಿಂಗ್‌ನಂಥ ಕೋರ್ಸ್‌ಗಳಲ್ಲಂತೂ ಒಂದರ ಮೇಲೊಂದು ಪೇರಿಸಿದ ವಿಷಯಗಳು ಹೊಂದುವುದೇ ಕಷ್ಟ. ಆಗ ಆಟದ ಅರ್ಹತೆ ಉಳಿಸಿಕೊಳ್ಳಲು, ಇರುವ ಕ್ರೆಡಿಟ್‌ಗಳು ಹೊಂದುವ ಸುಲಭದ ವಿಷಯಕ್ಕೆ ಹೊರಳುವುದೊಂದೇ ದಾರಿ. ನಲವತ್ತು ವರ್ಷದ ನಿರ್ಧಾರ ಹೀಗೆ ವರ್ಷ ವರ್ಷದ ನಿರ್ಧಾರವಾಗುತ್ತದೆ.

ಮೆಂಡೋಸಾ ಅವರೂ ಕಾಲೇಜು ಬದಲಿಸಿದವರೇ. ಆದರೆ ಬರ್ಕ್ಲಿಯ ಪದವಿ ಕೈಗೆ ಬಂದ ಮೇಲೆ ಹೊರಟರು. ಪದವಿ ಮುಗಿಸಿ ಹೊರಟವನಿಗೂ, ಎರಡನೇ ವರ್ಷದಲ್ಲಿ ಅರ್ಧ ಕ್ರೆಡಿಟ್ ಬಿಟ್ಟು ಹೊರಟವನಿಗೂ ಪೋರ್ಟಲ್‌ನಲ್ಲಿ ಸಿಗುವುದು ಒಂದೇ ಸಾಲು. ಬದುಕಿನಲ್ಲಿ ಹಾಗಲ್ಲ.

ಇನ್ನೊಂದು ನಷ್ಟ ಊರಿನ ಹುಡುಗರದು. ಮೊದಲು ಉನ್ನತ ಮಟ್ಟದ ತಂಡವೊಂದಕ್ಕೆ 85 ಸ್ಕಾಲರ್‌ಶಿಪ್ ಮಿತಿ ಇತ್ತು, ವಾಕ್-ಆನ್‌ಗಳಿಗೆ ಅಂಥ ಮಿತಿ ಇರಲಿಲ್ಲ. 'ಹೌಸ್' ರಾಜಿ ಒಪ್ಪಿದ ತಂಡಗಳಲ್ಲಿ ಒಟ್ಟು ಆಟಗಾರರ ಸಂಖ್ಯೆಯೇ 105ಕ್ಕೆ ನಿಂತಿದೆ. ಈಗಾಗಲೇ ತಂಡದಲ್ಲಿದ್ದವರಿಗೆ ನ್ಯಾಯಾಲಯ ರಕ್ಷಣೆ ಕೊಡಿಸಿತು. ಮುಂದೆ ಬರುವ, ಮನೆ ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಡಿಮೆ ಶುಲ್ಕಕ್ಕೆ ಓದುತ್ತಾ ತಂಡ ಸೇರಬಯಸುವ ಹುಡುಗನಿಗೆ ಆ ರಕ್ಷಣೆ ಇಲ್ಲ. ಜೊತೆಗೆ, ಬೇರೆ ಕಾಲೇಜಿನಲ್ಲಿ ಆಡಿ ಪಳಗಿದವರು ಪೋರ್ಟಲ್‌ನಲ್ಲಿ ಸಿಗುವಾಗ ಹೈಸ್ಕೂಲ್ ಹುಡುಗನಿಗೆ ಕಾಯುವ ತಾಳ್ಮೆ ಕೋಚ್‌ಗಳಿಗೂ ಕಡಿಮೆಯಾಗಿದೆ.

ಮುಂದೇನು?

ಫುಟ್‌ಬಾಲ್ ವರ್ಗಾವಣೆಗೆ ವರ್ಷಕ್ಕೆ ಒಂದೇ ಅವಧಿ, ಅದೂ ಜನವರಿಯಲ್ಲಿ ಎರಡು ವಾರ ಮಾತ್ರ ಎಂದು ಎನ್‌ಸಿಎಎ ಈಗ ಬಿಗಿ ಮಾಡಿದೆ. ಇದರಿಂದ ಅಲೆದಾಟ ಸ್ವಲ್ಪ ತಗ್ಗಬಹುದು. ಆದರೆ ಎರಡು ವಾರದಲ್ಲಿ ಹೊಸ ಕಾಲೇಜು ಹುಡುಕಿ, ಕ್ರೆಡಿಟ್ ಲೆಕ್ಕ ಹಾಕಿ, ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಸೇರುವ ಗಡಿಬಿಡಿಯಲ್ಲಿ ಓದಿನ ಪ್ರಶ್ನೆ ಇನ್ನಷ್ಟು ಹಿಂದಕ್ಕೆ ಹೋಗುವ ಅಪಾಯವೂ ಇದೆ.

ಹಾಗಾಗಿ ಕೋಚ್ ಮನೆಗೆ ಬಂದಾಗ ಕುಟುಂಬಗಳು ಕೇಳಬೇಕಾದ ಪ್ರಶ್ನೆಗಳು ಬದಲಾಗಬೇಕು. 'ನಿಮ್ಮ ವಿಶ್ವವಿದ್ಯಾಲಯದ ರ‍್ಯಾಂಕ್ ಎಷ್ಟು' ಎಂಬುದಕ್ಕಿಂತ, ಮಗ ಓದಬಯಸುವ ವಿಷಯವನ್ನು ಈಗಿನ ತಂಡದಲ್ಲಿ ಎಷ್ಟು ಮಂದಿ ಓದುತ್ತಿದ್ದಾರೆ, ಆ ವಿಷಯದ ಲ್ಯಾಬ್ ಯಾವ ಹೊತ್ತಿಗೆ, ಅಭ್ಯಾಸ ಯಾವ ಹೊತ್ತಿಗೆ ಎಂದು ಕೇಳುವುದು ಹೆಚ್ಚು ಉಪಯೋಗದ್ದು. ಮೊಣಕಾಲಿಗೆ ಪೆಟ್ಟಾಗಿ ಆಟ ನಿಂತರೆ ಸ್ಕಾಲರ್‌ಶಿಪ್ ಉಳಿಯುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಕರೆದುಕೊಂಡು ಹೋದ ಕೋಚ್ ಮುಂದಿನ ವರ್ಷ ಅಲ್ಲಿ ಇಲ್ಲದಿದ್ದರೂ ಆ ಕಾಲೇಜು, ಆ ಊರು ಮಗನಿಗೆ ಒಗ್ಗುತ್ತದೆಯೇ ಎಂದೂ ಯೋಚಿಸಬೇಕು.

ನೂರರಲ್ಲಿ ಒಬ್ಬರೋ ಇಬ್ಬರೋ ಎನ್‌ಎಫ್‌ಎಲ್‌ಗೆ ಹೋಗುತ್ತಾರೆ. ಉಳಿದವರು ಆಡಿದ ಮೈದಾನದಲ್ಲಿ ಮುಂದಿನ ಶನಿವಾರ ಇನ್ನೊಬ್ಬರು ಆಡುತ್ತಾರೆ. ಅವರ ಕೈಯಲ್ಲಿ ಉಳಿಯುವುದು ಪದವಿ ಪ್ರಮಾಣಪತ್ರ, ಅದರಲ್ಲಿರುವ ವಿಷಯ ಮತ್ತು ನಾಲ್ಕು ವರ್ಷದಲ್ಲಿ ಕಂಡುಕೊಂಡ ಜನ.